ಬಿಷಪ್ ಸಮುವೇಲ ಅಜಾಯಿ ಕ್ರೌದರರ ಜೀವಿತ

ಈ ಸ್ಮರಣ ಸಂಚಿಕೆಗೆ ಒಬ್ಬ ಮಹನೀಯರ ಜೀವಿತವನ್ನು ಬರೆದುಕೊಡಬೇಕೆಂದು ಸಂಚಿಕೆಯ ಮಂಡಲಿಯವರು ನನ್ನನ್ನು ಕೇಳಿದಾಗ, ಪಶ್ಚಿಮ ಆಫ್ರಿಕದ ಬಿಷಪ್ ಸಮುವೇಲ ಅಜಾಯಿ ಕ್ರೌದರರ ಹೆಸರೇ ಮೊದಲು ನೆನಪಿಗೆ ಬಂದಿತು. ಅದಕ್ಕೊಂದು ಕಾರಣವುಂಟು. ಕೆಲವು ವರುಷಗಳ ಹಿಂದೆ ಬೆಳಗಿನ ಪ್ರಾರ್ಥನಾಕೂಟದಲ್ಲಿ ಇವರ ಕಥೆಯನ್ನು ಮೂರು ದಿವಸ ಹೇಳಿದ್ದೆನು. ಕಥೆ ಮುಗಿದ ದಿನ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ನನ್ನ ಕೊಠಡಿಯ ಬಾಗಿಲಲ್ಲಿ ನಿಂತು, ಮಕ್ಕಳನ್ನು ಹಿಡಿದು ಮಾರಿದವರು ಕೆಟ್ಟವರೆಂಬುದು ತಿಳಿಯಿತು. ಆದರೆ ಕೊನೆಗಾಲದಲ್ಲಿ ಆ ಮುದುಕರನ್ನು ನೋಯಿಸಿದವರು ಒಳ್ಳೆಯವರೇ ಅಲ್ಲವೇ, ಒಳ್ಳೆಯವರೇಕೆ ಹಾಗೆ ಮಾಡಿದರು ಎಂದು ಕೇಳಿದಳು. ಅಷ್ಟರಲ್ಲಿ ಗಂಟೆ ಹೊಡೆಯಿತು. ತಕ್ಕ ಉತ್ತರ ಕೊಡದೆ ಆಕೆಯನ್ನು ತರಗತಿಗೆ ಕಳುಹಿಸಿಬಿಟ್ಟೆನು. ಆ ಹುಡುಗಿ ಈಗ ಸಂಸಾರಸ್ಥೆಯಾಗಿದ್ದಾಳೆ. ಈ ಸಂಚಿಕೆಯು ಆಕೆಯ ಕೈಗೂ ಸೇರುವುದರಿಂದ, ಅಂದು ಕೊಡದೆ ಉಳಿದ ಉತ್ತರವನ್ನು ಇಂದಾದರೂ ಕೊಡಬೇಕೆಂದು ಈ ಜೀವಿತವನ್ನು ಮೊದಲಿನಿಂದ ಕೊನೆಯವರೆಗೂ ಬರೆಯುತ್ತಿದ್ದೇನೆ.

ಇಂದು ನೈಜೀರಿಯ ಎಂದು ಕರೆಯಲ್ಪಡುವ ದೇಶದ ನೈಋತ್ಯ ಭಾಗದಲ್ಲಿ ಯೊರುಬ ಜನರ ನಾಡಿದೆ. ಆ ನಾಡಿನ ಒಸೊಗುನ್ ಎಂಬ ಊರಿನಲ್ಲಿ ಸುಮಾರು 1809ರಲ್ಲಿ ಅಜಾಯಿ ಎಂಬ ಬಾಲಕನು ಹುಟ್ಟಿದನು. ತಾಯಿಯ ಹೆಸರು ಅಫಾಲ. ಆ ಕಾಲದಲ್ಲಿ ಯೊರುಬ ನಾಡಿನ ಹಳೆಯ ರಾಜ್ಯವು ಒಡೆದು, ಊರಿನ ಮೇಲೆ ಊರು ದಂಡೆತ್ತಿ ಹೋಗುತ್ತಿದ್ದಿತು. ಸೆರೆಸಿಕ್ಕಿದವರನ್ನು ಕಡಲ ತೀರದ ವರ್ತಕರಿಗೆ ಮಾರಿದರೆ ಬಂದೂಕು, ಮದ್ಯ, ಹೊಗೆಸೊಪ್ಪು ದೊರೆಯುತ್ತಿದ್ದುದರಿಂದ ಯುದ್ಧವೇ ಒಂದು ವ್ಯಾಪಾರವಾಗಿದ್ದಿತು.

1821ರ ಒಂದು ಬೆಳಿಗ್ಗೆ ಒಸೊಗುನಿನ ಹೆಂಗಸರು ಅಡಿಗೆಯ ಕೆಲಸದಲ್ಲಿದ್ದಾಗಲೇ ಶತ್ರುಗಳು ಊರನ್ನು ಮುತ್ತಿದರು. ತಂದೆಯು ಓಡಿ ಬಂದು ಮನೆಯವರನ್ನು ಎಚ್ಚರಿಸಿ, ಪುನಃ ಕಾಳಗಕ್ಕೆ ಹೋಗಿ ಅಲ್ಲಿಯೇ ಮಡಿದನು. ತಾಯಿಯು ಮಕ್ಕಳನ್ನು ಕಟ್ಟಿಕೊಂಡು ಓಡಿದಳು. ಕಂಕುಳಲ್ಲಿ ಹಾಲು ಕುಡಿಯುವ ಕೂಸು ಇದ್ದಿತು. ಎಷ್ಟು ದೂರ ಓಡಿಯಾಳು? ಕೊರಳಿಗೆ ಹಗ್ಗ ಬಿಗಿದು ಎಲ್ಲರನ್ನೂ ಸಾಲಾಗಿ ನಡೆಸಿಕೊಂಡು ಹೋದರು. ಹಿಂದೆ ತಿರುಗಿ ನೋಡಿದರೆ ಊರು ಉರಿಯುತ್ತಿದ್ದಿತು. ಕೆಲವು ದಿನಗಳಲ್ಲಿ ತಾಯಿ ಒಬ್ಬರ ಪಾಲಿಗೂ ಮಗ ಇನ್ನೊಬ್ಬರ ಪಾಲಿಗೂ ಆದರು. ಅಜಾಯಿಯನ್ನು ಮೊದಲು ಒಂದು ಕುದುರೆಗೆ ಬದಲಾಗಿ ಕೊಟ್ಟರು. ಕುದುರೆ ಒಪ್ಪಿಗೆಯಾಗದೆ ಅವನನ್ನು ಹಿಂದಕ್ಕೆ ಕೊಟ್ಟರು. ಮತ್ತೆ ಮಾರಿದರು, ಮತ್ತೊಮ್ಮೆ ಮದ್ಯಕ್ಕೂ ಹೊಗೆಸೊಪ್ಪಿಗೂ ಮಾರಿದರು. ಕಡಲಾಚೆಯ ಬಿಳಿಯರ ಕೈಗೆ ಸಿಕ್ಕುವೆನೆಂಬ ಭಯದಿಂದ ಆ ಬಾಲಕನು ಒಂದು ರಾತ್ರಿ ತನ್ನ ಸೊಂಟದ ಪಟ್ಟಿಯಿಂದ ಪ್ರಾಣವನ್ನು ತೆಗೆದುಕೊಳ್ಳಲು ಯತ್ನಿಸಿದ್ದೂ ಉಂಟು. ಧೈರ್ಯ ಸಾಲದೆ ಬದುಕಿಕೊಂಡನು. ಲಾಗೋಸಿನಲ್ಲಿ ಪೋರ್ತುಗೀಸ್ ವರ್ತಕರು ಅವನನ್ನು ಕೊಂಡರು. ದೊಡ್ಡವರನ್ನೂ ಹುಡುಗರನ್ನೂ ಒಂದೇ ಸರಪಣಿಗೆ ಕೊರಳು ಕಟ್ಟಿದ್ದರು. ದೊಡ್ಡವರು ಉಸಿರಾಡುವುದಕ್ಕೆಂದು ಸರಪಣಿಯನ್ನು ಎಳೆದುಕೊಂಡಾಗ ಹುಡುಗರ ಕೊರಳು ಬಿಗಿಯುತ್ತಿದ್ದಿತು.

1822ರ ಏಪ್ರಿಲಿನಲ್ಲಿ ಗುಲಾಮರ ಹಡಗು ಹೊರಟಿತು. ಹೊರಟ ಕೆಲವೇ ಗಂಟೆಗಳಲ್ಲಿ, ಗುಲಾಮರ ವ್ಯಾಪಾರವನ್ನು ತಡೆಯಲು ಕಡಲಲ್ಲಿ ತಿರುಗುತ್ತಿದ್ದ ಬ್ರಿಟಿಷ್ ಯುದ್ಧನೌಕೆಯೊಂದು ಅದನ್ನು ಹಿಡಿಯಿತು. ಅದರ ಹೆಸರು ಮಿರ್ಮಿಡನ್. ಕಪ್ತಾನರು ಹೆನ್ರಿ ಲೀಕ್. ಬಿಡುಗಡೆಯಾದುದೆಂಬ ಅರಿವು ಹುಡುಗರಿಗೆ ಎಲ್ಲಿಂದ ಬರಬೇಕು? ನೌಕೆಯಲ್ಲಿ ತೂಗುಹಾಕಿದ್ದ ಹಂದಿಯ ಮಾಂಸವನ್ನು ಮನುಷ್ಯರ ಮಾಂಸವೆಂದೂ, ಫಿರಂಗಿಯ ಗುಂಡುಗಳನ್ನು ತಮ್ಮ ಜೊತೆಯವರ ತಲೆಗಳೆಂದೂ ತಿಳಿದು ಅವರು ನಡುಗಿದರು. ಹತ್ತಿರ ಹೋಗಿ ನೋಡಿದ ಮೇಲೆಯೇ ಆ ಭಯ ತೊಲಗಿತು. ಜೂನ್ ತಿಂಗಳಲ್ಲಿ ಅವರನ್ನು ಸಿಯೆರ ಲಿಯೋನಿನ ಫ್ರೀಟೌನ್ ಪಟ್ಟಣದಲ್ಲಿ ಇಳಿಸಿದರು.

ಸಿಯೆರ ಲಿಯೋನ್ ಆ ಕಾಲದಲ್ಲಿ ಬಿಡುಗಡೆ ಹೊಂದಿದ ಗುಲಾಮರ ಆಶ್ರಯಸ್ಥಾನವಾಗಿದ್ದಿತು. ಚರ್ಚ್ ಮಿಷನರಿ ಸೊಸೈಟಿಯವರು ಅಲ್ಲಿ ಶಾಲೆಗಳನ್ನು ನಡೆಸುತ್ತಿದ್ದರು. ಅಜಾಯಿಯನ್ನು ಬಾತರ್ಸ್ಟ್ ಎಂಬ ಹಳ್ಳಿಯ ಶಾಲೆಗೆ ಸೇರಿಸಿದರು. ಮೊದಲ ದಿನದ ಪಾಠ ಮುಗಿದೊಡನೆಯೇ ಅವನು ತನ್ನ ನಾಡಿನವನೊಬ್ಬನ ಬಳಿ ಅರ್ಧ ಪೆನ್ನಿಯನ್ನು ಬೇಡಿ, ತನ್ನದೇ ಆದ ಅಕ್ಷರಪಟವೊಂದನ್ನು ಕೊಂಡುಕೊಂಡನೆಂದು ಅವನ ಚರಿತ್ರೆ ಬರೆದವರು ಹೇಳುತ್ತಾರೆ. ಆರು ತಿಂಗಳಲ್ಲಿ ಹೊಸ ಒಡಂಬಡಿಕೆಯನ್ನು ಓದಲು ಕಲಿತನು. ಬಡಗಿಯ ಕೆಲಸವನ್ನೂ ಕಲಿತನು. 1825ರ ದಶಂಬರ 11ರಂದು ದೀಕ್ಷಾಸ್ನಾನವನ್ನು ಹೊಂದಿ, ಸೊಸೈಟಿಗೆ ಸೇರಿದ ಲಂಡನಿನ ಬೋಧಕರೊಬ್ಬರ ಹೆಸರಾದ ಸಮುವೇಲ ಕ್ರೌದರ್ ಎಂಬ ಹೆಸರನ್ನು ಪಡೆದನು. ಆದರೆ ಅಜಾಯಿ ಎಂಬ ತಾಯಿ ಕರೆದ ಹೆಸರನ್ನೂ ಬಿಡಲಿಲ್ಲ. 1826ರಲ್ಲಿ ಇಂಗ್ಲೆಂಡಿಗೆ ಹೋಗಿ ಇಸ್ಲಿಂಗ್ಟನಿನ ಶಾಲೆಯಲ್ಲಿ ಕೆಲಕಾಲ ಓದಿ ಬಂದನು. 1827ರಲ್ಲಿ ಫ್ರೀಟೌನಿನಲ್ಲಿ ಫೂರಾ ಬೇ ಕಾಲೇಜು ಸ್ಥಾಪಿತವಾದಾಗ ಅದರ ಮೊದಲ ವಿದ್ಯಾರ್ಥಿಗಳಲ್ಲಿ ಒಬ್ಬನಾದನು. ಬಳಿಕ ಉಪಾಧ್ಯಾಯರಾಗಿ ಅನೇಕ ವರುಷ ಪಾಠ ಹೇಳಿದರು.

ಕ್ರೌದರರ ಪತ್ನಿಯ ವಿಷಯವನ್ನು ನಮ್ಮ ಹೆಣ್ಣುಮಕ್ಕಳು ವಿಶೇಷವಾಗಿ ಅರಿಯಬೇಕು. ಆಕೆಯ ಹುಟ್ಟುಹೆಸರು ಅಸಾನೊ. ದೀಕ್ಷಾಸ್ನಾನದಲ್ಲಿ ಬಂದ ಹೆಸರು ಸೂಸನ್. ಅಜಾಯಿ ಬಿಡುಗಡೆಯಾದ ಅದೇ ಹಡಗಿನಲ್ಲಿ ಆ ಹುಡುಗಿಯೂ ಇದ್ದಳು. ಆಕೆಯೂ ಮಿಷನ್ ಶಾಲೆಯಲ್ಲಿ ಓದಿ ಉಪಾಧ್ಯಾಯಿನಿಯಾದಳು. ಕ್ರೌದರರ ಹೆಸರನ್ನು ಲೋಕವು ಬಲ್ಲದು. ಅವರ ಮನೆಯನ್ನೂ ಮಕ್ಕಳನ್ನೂ ಶಾಲೆಯನ್ನೂ ದೇಶದಿಂದ ದೇಶಕ್ಕೆ ಹೊತ್ತುಕೊಂಡು ಹೋದವಳನ್ನು ಬಲ್ಲವರು ಕಡಿಮೆ. ಅವರ ಮಗಳು ಅಬಿಗೈಲಳ ಪತಿ ಥಾಮಸ್ ಬ್ಯಾಬಿಂಗ್ಟನ್ ಮೆಕಾಲೆಯವರು 1859ರಲ್ಲಿ ಲಾಗೋಸಿನ ಗ್ರಾಮರ್ ಸ್ಕೂಲನ್ನು ಆರಂಭಿಸಿದರು. ಈ ದಂಪತಿಗಳ ಮಗನಾದ ಹರ್ಬರ್ಟ್ ಮೆಕಾಲೆ ಮುಂದೆ ನೈಜೀರಿಯದ ಸ್ವಾತಂತ್ರ್ಯದ ಹೋರಾಟಕ್ಕೆ ಆದಿಪುರುಷರೆನಿಸಿದರು.

1841ರಲ್ಲಿ ಬ್ರಿಟಿಷ್ ಸರಕಾರದವರು ನೈಜರ್ ನದಿಯನ್ನು ಹತ್ತಿ ಒಳನಾಡಿಗೆ ಮೂರು ಹಬೆಯ ಹಡಗುಗಳನ್ನು ಕಳುಹಿಸಿದರು. ಗುಲಾಮರ ವ್ಯಾಪಾರದ ಬದಲು ಬೆಳೆಯ ವ್ಯಾಪಾರವನ್ನು ನೆಲೆಗೊಳಿಸಬೇಕೆಂಬುದು ಅದರ ಉದ್ದೇಶ. ಆ ಯಾತ್ರೆಯಲ್ಲಿ ಸೊಸೈಟಿಯ ಪರವಾಗಿ ಹೋದವರು ಇಬ್ಬರು: ಜರ್ಮನ್ ಬೋಧಕರಾದ ಷೋನ್ ಮತ್ತು ಕ್ರೌದರ್. ಹೋದ ಸುಮಾರು 145 ಯೂರೋಪಿಯರಲ್ಲಿ 40ಕ್ಕೂ ಹೆಚ್ಚು ಮಂದಿ ಜ್ವರದಿಂದ ತೀರಿಕೊಂಡರು. ಹಿಂದಿರುಗಿದ ಷೋನರು, ಆಫ್ರಿಕದ ಒಳನಾಡಿಗೆ ಸುವಾರ್ತೆಯನ್ನು ಒಯ್ಯತಕ್ಕವರು ಆಫ್ರಿಕದವರೇ ಎಂದೂ, ಕ್ರೌದರರಿಗೆ ಬೋಧಕರ ಅಭಿಷೇಕವನ್ನು ಕೊಡಬೇಕೆಂದೂ ಸೊಸೈಟಿಗೆ ಬರೆದರು. 1843ರಲ್ಲಿ ಲಂಡನಿನ ಬಿಷಪರು ಕ್ರೌದರರಿಗೆ ಅಭಿಷೇಕ ಮಾಡಿದರು. ಅದೇ ವರುಷ ಅವರ ಯೊರುಬ ಶಬ್ದಕೋಶವು ಅಚ್ಚಾಯಿತು.

ಇಲ್ಲಿ ನಮ್ಮ ನಾಡಿನ ಒಂದು ಮಾತನ್ನು ಹೇಳಬಹುದು. ಷೋನರು ಓದಿದ್ದು ಬಾಸೆಲ್ ಪಟ್ಟಣದ ಮಿಷನ್ ಸೆಮಿನರಿಯಲ್ಲಿ. ಮಂಗಳೂರಿಗೆ ಬಂದ ಹೆರ್ಮನ್ ಮೋಗ್ಲಿಂಗರೂ ಅದೇ ಸೆಮಿನರಿಯಿಂದ ಬಂದವರು. ಯೊರುಬ ಶಬ್ದಕೋಶವು ಅಚ್ಚಾದ 1843ರಲ್ಲಿಯೇ ಮೋಗ್ಲಿಂಗರು ಕನ್ನಡದ ಮೊದಲ ಪತ್ರಿಕೆಯಾದ ಮಂಗಳೂರ ಸಮಾಚಾರವನ್ನು ಹೊರಡಿಸಿದರು. ಜನರ ಹೃದಯಕ್ಕೆ ಅವರ ತಾಯಿನುಡಿಯೇ ಬಾಗಿಲೆಂಬ ನಂಬಿಕೆ ಆ ಕಾಲದಲ್ಲಿ ಹೀಗೆ ಎರಡು ಖಂಡಗಳಲ್ಲಿ ಒಮ್ಮೆಗೇ ಫಲಿಸುತ್ತಿದ್ದಿತು.

ಯೊರುಬ ನಾಡಿನ ಅಬೆಯೊಕುಟ ಎಂಬ ಪಟ್ಟಣದಲ್ಲಿ ಯುದ್ಧದಿಂದ ಓಡಿಬಂದವರು ಒಂದು ದೊಡ್ಡ ಬಂಡೆಯ ಆಸರೆಯಲ್ಲಿ ನೆಲೆಸಿದ್ದರು. ಅಲ್ಲಿ ಸಭೆಯನ್ನು ಸ್ಥಾಪಿಸಲು ಕ್ರೌದರರೂ ಹೆನ್ರಿ ಟೌನ್ಸೆಂಡ್ ಮತ್ತು ಗೊಲ್ಮರ್ ಎಂಬ ಇಬ್ಬರು ಬೋಧಕರೂ ನೇಮಿಸಲ್ಪಟ್ಟರು. 1845ರಲ್ಲಿ ಕಡಲ ತೀರದ ಬಡಗ್ರಿಗೆ ಬಂದವರು, ದಾರಿ ಸುಗಮವಾಗದೆ ಒಂದೂವರೆ ವರುಷ ಅಲ್ಲಿಯೇ ನಿಲ್ಲಬೇಕಾಯಿತು. 1846ರಲ್ಲಿ ಅಬೆಯೊಕುಟವನ್ನು ಸೇರಿದರು. ಸೇರಿದ ಕೆಲವೇ ವಾರಗಳಲ್ಲಿ, ಆಗಸ್ಟ್ 21ರಂದು, ಹತ್ತಿರದ ಹಳ್ಳಿಯಿಂದ ಒಬ್ಬ ವೃದ್ಧೆಯನ್ನು ಅವರ ಬಳಿಗೆ ಕರೆತಂದರು. ಆಕೆಯೇ ಅಫಾಲ. 25 ವರುಷಗಳ ಬಳಿಕ ತಾಯಿಯೂ ಮಗನೂ ಎದುರುಬದುರು ನಿಂತರು. ಇಬ್ಬರಿಗೂ ಮಾತು ಹೊರಡಲಿಲ್ಲ. ಒಬ್ಬರನ್ನೊಬ್ಬರು ನೋಡುತ್ತ, ಕೈ ಹಿಡಿದುಕೊಂಡು ನಡುಗುತ್ತ, ಕಣ್ಣೀರು ಸುರಿಸುತ್ತ ನಿಂತರು. ಆಕೆಯೂ ಈ ನಡುವೆ ಅನೇಕ ಸಾರಿ ಸೆರೆಯಾಗಿ ಬಿಡುಗಡೆ ಹೊಂದಿದ್ದಳು. ಮಗನು ಬದುಕಿರುವನೆಂಬ ಆಸೆಯನ್ನು ಎಂದೋ ಬಿಟ್ಟಿದ್ದಳು.

1848ರ ಫೆಬ್ರವರಿಯಲ್ಲಿ ಅಫಾಲ ದೀಕ್ಷಾಸ್ನಾನವನ್ನು ಹೊಂದಿದಳು. ಅಬೆಯೊಕುಟದ ಸಭೆಯ ಮೊದಲ ಫಲಗಳಲ್ಲಿ ಆಕೆಯೂ ಒಬ್ಬಳು. ಸಿದ್ಧತೆಗಾಗಿ ಆಕೆ ಕಲಿತ ಪ್ರಶ್ನೋತ್ತರ ಪುಸ್ತಕವನ್ನು ಯೊರುಬ ಭಾಷೆಗೆ ತಂದವರು ಮಗನೇ. ಸಮುವೇಲನ ತಾಯಿಯಾದುದರಿಂದ ಆಕೆಗೆ ಹನ್ನ ಎಂಬ ಹೆಸರನ್ನಿಟ್ಟರು. ಆಕೆ ಬಹುಕಾಲ ಬಾಳಿ, ಮಗನು ಬಿಷಪನಾದುದನ್ನೂ ಕಂಡು, 1883ರಲ್ಲಿ ತೀರಿಕೊಂಡಳು.

ಕ್ರೌದರರ ದೊಡ್ಡ ಕೆಲಸವು ಯೊರುಬ ಸತ್ಯವೇದ. ಯೊರುಬ ಭಾಷೆಯನ್ನು ಹಾಡಿನಂತೆ ಸ್ವರವಿಟ್ಟು ಆಡಬೇಕು. ಒಕೊ ಎಂಬ ಒಂದೇ ಶಬ್ದವು ಸ್ವರದ ಏರಿಳಿತಕ್ಕೆ ಅನುಸಾರವಾಗಿ ಗಂಡನೆಂದೂ ಗುದ್ದಲಿಯೆಂದೂ ದೋಣಿಯೆಂದೂ ಈಟಿಯೆಂದೂ ಆಗುವುದು. ಇಂತಹ ಭಾಷೆಯನ್ನು ಹೊರಗಿನವರು ಬರೆದಿಡುವುದು ಎಷ್ಟು ಕಷ್ಟವೆಂಬುದನ್ನು ಊಹಿಸಬಹುದು. ಕ್ರೌದರರು ಆ ನುಡಿಯಲ್ಲಿಯೇ ಹುಟ್ಟಿದವರಾಗಿದ್ದರೂ ತಮಗೆ ತಿಳಿದುದೇ ಸಾಕೆಂದು ಕುಳಿತುಕೊಳ್ಳಲಿಲ್ಲ. ವೃದ್ಧರ ಬಳಿ ಕುಳಿತು ಗಾದೆಗಳನ್ನು ಕೂಡಿಸಿದರು. ಹಳೆಯ ದೇವರುಗಳ ಅರ್ಚಕರು ಆಡುವ ಮಾತನ್ನು ಕೇಳಿದರು. ಮುಸಲ್ಮಾನರ ಬಾಯಲ್ಲಿ ಆ ನಾಡಿನ ಮಾತಾಗಿ ನೆಲೆಸಿದ್ದ ಶಬ್ದಗಳನ್ನೂ ಎತ್ತಿಕೊಂಡರು. ಪ್ರಾರ್ಥನೆಗೆ ಅದುರ ಎಂಬುದು ಹಾಗೆ ಬಂದ ಮಾತು. ಮೂಲದಲ್ಲಿ ಅದು ಅರಬ್ಬಿ. 1850ರಲ್ಲಿ ರೋಮಾಪುರದವರಿಗೆ ಬರೆದ ಪತ್ರಿಕೆಯು ಅಚ್ಚಾಯಿತು. ಇತರ ಭಾಷಾಂತರಕಾರರ ಸಹಾಯದಿಂದ ಕೆಲಸವು ಮುಂದುವರಿದು, ಇಡೀ ಸತ್ಯವೇದವು 1884ರಲ್ಲಿ ಪೂರ್ಣವಾಯಿತು. ಆಫ್ರಿಕದ ಭಾಷೆಯೊಂದರ ಸತ್ಯವೇದವನ್ನು ಆ ಭಾಷೆಯಲ್ಲಿ ಹುಟ್ಟಿದವರೇ ಮುಂದೆ ನಿಂತು ರೂಪಿಸಿದ್ದು ಇದು ಮೊದಲೆಂದು ಹೇಳುತ್ತಾರೆ.

1851ರಲ್ಲಿ ಕ್ರೌದರರು ಇಂಗ್ಲೆಂಡಿಗೆ ಹೋದಾಗ ವಿಂಡ್ಸರ್ ಅರಮನೆಯಲ್ಲಿ ವಿಕ್ಟೋರಿಯ ಮಹಾರಾಣಿಯವರನ್ನೂ ಆಲ್ಬರ್ಟ್ ರಾಜಕುಮಾರರನ್ನೂ ಕಂಡು, ಗುಲಾಮರ ವ್ಯಾಪಾರದಿಂದ ತಮ್ಮ ನಾಡು ಪಡುವ ಪಾಡನ್ನು ವಿವರಿಸಿದರು. ಮಹಾರಾಣಿಯವರ ಮುಂದೆ ಕರ್ತನ ಪ್ರಾರ್ಥನೆಯನ್ನು ಯೊರುಬ ಭಾಷೆಯಲ್ಲಿ ಹೇಳಿದರು. ಆ ನುಡಿಯ ಇಂಪನ್ನು ಅವರು ಮೆಚ್ಚಿಕೊಂಡರು. 1854ರಲ್ಲಿ ಡಾಕ್ಟರ್ ಬೇಕೀಯವರೊಡನೆ ಕ್ರೌದರರು ಮತ್ತೆ ನೈಜರ್ ಯಾತ್ರೆ ಮಾಡಿದರು. ಆ ಸಾರಿ ಕ್ವಿನೈನನ್ನು ತಪ್ಪದೆ ಸೇವಿಸಿದುದರಿಂದ ಯೂರೋಪಿಯರಲ್ಲಿ ಒಬ್ಬರೂ ಸಾಯಲಿಲ್ಲ. 1857ರಲ್ಲಿ ಒನಿಟ್ಷದಲ್ಲಿ ಸಭೆ ಆರಂಭವಾಯಿತು. ಅದನ್ನು ನೋಡಿಕೊಂಡವರು ಸಿಯೆರ ಲಿಯೋನಿನಲ್ಲಿ ಇಗ್ಬೊ ತಂದೆತಾಯಿಗಳಿಗೆ ಹುಟ್ಟಿದ ಜೆ. ಸಿ. ಟೇಲರರು. ಅದೇ ವರುಷ ಕ್ರೌದರರು ಇಗ್ಬೊ ಭಾಷೆಗೂ ಒಂದು ಬಾಲಬೋಧೆಯನ್ನು ಬರೆದುಕೊಟ್ಟರು.

ಆ ಕಾಲದಲ್ಲಿ ಸೊಸೈಟಿಯ ಕಾರ್ಯದರ್ಶಿಗಳಾಗಿದ್ದ ಹೆನ್ರಿ ವೆನ್ ಎಂಬವರು, ಪ್ರತಿಯೊಂದು ನಾಡಿನ ಸಭೆಯೂ ತನ್ನನ್ನು ತಾನೇ ಆಳಿಕೊಂಡು, ತಾನೇ ಪೋಷಿಸಿಕೊಂಡು, ತಾನೇ ಬೆಳೆಯಬೇಕೆಂಬ ತತ್ವವನ್ನು ಹಿಡಿದಿದ್ದರು. ಅವರ ಪ್ರಯತ್ನದಿಂದ 1864ರ ಜೂನ್ 29ರಂದು ಕ್ಯಾಂಟರ್ಬರಿಯ ಮಹಾದೇವಾಲಯದಲ್ಲಿ ಕ್ರೌದರರು ಬಿಷಪರಾಗಿ ಅಭಿಷಿಕ್ತರಾದರು. ಆಂಗ್ಲಿಕನ್ ಸಭೆಯಲ್ಲಿ ಆಫ್ರಿಕದವರೊಬ್ಬರು ಬಿಷಪರಾದುದು ಅದೇ ಮೊದಲು. 42 ವರುಷಗಳ ಹಿಂದೆ ಗುಲಾಮರ ಹಡಗನ್ನು ಹಿಡಿದ ಕಪ್ತಾನ್ ಲೀಕರು, ಆಗ ಅಡ್ಮಿರಲ್ ಆಗಿದ್ದವರು, ಆ ಆರಾಧನೆಗೆ ಬಂದಿದ್ದರು. ಸಿಯೆರ ಲಿಯೋನಿನಲ್ಲಿ ಹುಡುಗನಿಗೆ ಪಾಠ ಹೇಳಿದ ಮಿಸೆಸ್ ವೀಕ್ಸರೂ ಬಂದಿದ್ದರು. ತನ್ನ ಶಿಷ್ಯನ ತಲೆಯ ಮೇಲೆ ಬಿಷಪರು ಕೈಯಿಡುವುದನ್ನು ನೋಡುತ್ತಿದ್ದ ಆ ಉಪಾಧ್ಯಾಯಿನಿಯ ಸಂತೋಷವನ್ನು ನಮ್ಮ ವೃತ್ತಿಯವರು ಬಲ್ಲರು. ಹೋಲಿಸಿ ನೋಡಿದರೆ, ಭಾರತದಲ್ಲಿ ಆಂಗ್ಲಿಕನ್ ಸಭೆಗೆ ಈ ದೇಶದವರೇ ಆದ ಮೊದಲ ಬಿಷಪರು, ದೋರ್ನಕಲ್ಲಿನ ಅಜರಯ್ಯನವರು, ದೊರೆತದ್ದು 1912ರಲ್ಲಿ.

ಆದರೆ ಆ ಶುಭದಿನದಲ್ಲಿಯೇ ಮುಂದಿನ ದುಃಖದ ಬೀಜವೂ ಇದ್ದಿತು. ಯೊರುಬ ನಾಡಿನಲ್ಲಿದ್ದ ಟೌನ್ಸೆಂಡ್ ಮೊದಲಾದ ಯೂರೋಪಿಯ ಬೋಧಕರು, ಆಫ್ರಿಕದವನೊಬ್ಬನ ಕೈಕೆಳಗೆ ಇರಲು ಒಪ್ಪಲಿಲ್ಲ. ಆದುದರಿಂದ ಕ್ರೌದರರಿಗೆ ತಮ್ಮ ಸ್ವಂತ ಜನರ ಮಧ್ಯದಲ್ಲಿದ್ದ ಆ ಸಭೆಗಳನ್ನು ಒಪ್ಪಿಸದೆ, ನೈಜರ್ ನದಿಯ ದೂರದ ಸೀಮೆಗಳನ್ನು ಒಪ್ಪಿಸಿದರು. ಅಲ್ಲಿನ ಅನೇಕ ಭಾಷೆಗಳು ಅವರಿಗೂ ಅನ್ಯಭಾಷೆಗಳೇ. ಸಹಾಯಕರಾಗಿ ಸಿಕ್ಕಿದವರು ಸಿಯೆರ ಲಿಯೋನಿನಿಂದ ಬಂದ ಕೆಲವರು. 1878ರವರೆಗೂ ಮಿಷನಿಗೆ ತನ್ನದೇ ಆದ ಹಡಗಿರಲಿಲ್ಲ. ವರ್ತಕರ ಹಡಗು ಹೊರಟಾಗ ಬಿಷಪರೂ ಹೊರಡಬೇಕಾಗಿದ್ದಿತು.

ಆದರೂ ಕೆಲಸ ನಿಲ್ಲಲಿಲ್ಲ. ಒನಿಟ್ಷ, ಲೊಕೊಜ, ಬಾನಿ, ಬ್ರಾಸ್ ಮೊದಲಾದ ಸ್ಥಳಗಳಲ್ಲಿ ಸಭೆಯ ಜೊತೆಗೆ ಶಾಲೆಯೂ ಎದ್ದಿತು. ಬಾನಿಯಲ್ಲಿ ಜನರು ಉಡವನ್ನು ದೈವವೆಂದು ಭಾವಿಸಿ, ಅದು ಕೋಳಿಯನ್ನು ತಿಂದರೂ ಮುಟ್ಟುತ್ತಿರಲಿಲ್ಲ; ಆ ಪೂಜೆಯನ್ನು 1867ರ ಈಸ್ಟರ್ ದಿನದಲ್ಲಿ ಅಲ್ಲಿನ ಅರಸನೇ ನಿಲ್ಲಿಸಿದನು. ಅದೇ ವರುಷ ನದಿಯ ಮೇಲ್ಭಾಗದಲ್ಲಿ ಅಬೊಕ್ಕೊ ಎಂಬ ನಾಯಕನು ಬಿಷಪರನ್ನು ಹಿಡಿದು ಒತ್ತೆಹಣವನ್ನು ಕೇಳಿದನು. ಅವರನ್ನು ಬಿಡಿಸಲು ಬಂದ ಬ್ರಿಟಿಷ್ ಉಪಕಾನ್ಸಲ್ ಫೆಲ್ ಎಂಬವರು ವಿಷದ ಬಾಣ ತಗಲಿ ಸತ್ತರು. ಮುಸಲ್ಮಾನ ಅರಸರ ಸಭೆಗಳಿಗೂ ಬಿಷಪರು ಹೋಗುತ್ತಿದ್ದರು. ಅಲ್ಲಿ ವಾದಕ್ಕೆ ನಿಲ್ಲದೆ, ಕೇಳಿದ ಪ್ರಶ್ನೆಗೆ ಸತ್ಯವೇದವನ್ನು ತೆರೆದು ಓದಿ ಮೃದುವಾಗಿ ಉತ್ತರ ಕೊಡುವುದು ಅವರ ರೀತಿ. 1880ರಲ್ಲಿ ರಾಯಲ್ ಜಿಯಾಗ್ರಫಿಕಲ್ ಸೊಸೈಟಿಯವರು ನೈಜರ್ ಯಾತ್ರೆಗಳಿಗಾಗಿ ಅವರಿಗೆ ಚಿನ್ನದ ಗಡಿಯಾರವನ್ನು ಕೊಟ್ಟರು. ಅದೇ ವರುಷ ಪತ್ನಿ ಸೂಸನ್ ತೀರಿಕೊಂಡರು.

ಈಗ ಆ ಹುಡುಗಿ ಕೇಳಿದ ಭಾಗಕ್ಕೆ ಬರುತ್ತೇನೆ. 1873ರಲ್ಲಿ ಹೆನ್ರಿ ವೆನ್ನರು ತೀರಿಕೊಂಡರು. ಬಳಿಕ ಯೂರೋಪಿನ ರಾಜ್ಯಗಳು ಆಫ್ರಿಕವನ್ನು ಹಂಚಿಕೊಳ್ಳಲು ಹೊರಟ ಕಾಲ ಬಂದಿತು. ಆಫ್ರಿಕದವರು ತಮ್ಮನ್ನು ತಾವೇ ಆಳಿಕೊಳ್ಳಬಲ್ಲರೆಂಬ ನಂಬಿಕೆ ಅರಮನೆಗಳಲ್ಲಿಯೂ ಅಳಿಯಿತು, ಮಿಷನಿನ ಆಫೀಸುಗಳಲ್ಲಿಯೂ ಅಳಿಯಿತು. ನೈಜರಿಗೆ ಹೊಸದಾಗಿ ಬಂದ ಯುವಕ ಬೋಧಕರು ಭಕ್ತಿಯಲ್ಲಿ ಕಡಿಮೆಯಾದವರಲ್ಲ. ಸ್ವಂತ ಸುಖವನ್ನು ತೊರೆದು ಬಂದವರು. ಅವರು ಬಿಷಪರ ಸಹಾಯಕರ ನಡತೆಯನ್ನು ವಿಚಾರಿಸತೊಡಗಿದರು. ಆ ಸಹಾಯಕರಲ್ಲಿ ಕೆಲವರು ತಪ್ಪಿದ್ದುದು ಸತ್ಯ. ಒಂದೆರಡು ತಪ್ಪುಗಳು ಘೋರವಾದವು. ಆದರೆ ಯುವಕರು ಒಬ್ಬೊಬ್ಬರ ತಪ್ಪನ್ನು ಒಬ್ಬೊಬ್ಬರಿಗೆ ಹೊರಿಸದೆ, ಆ ಕುಲದ ತಪ್ಪೆಂದು ತೀರ್ಮಾನಿಸಿದರು. 1890ರ ಆಗಸ್ಟಿನಲ್ಲಿ ಒನಿಟ್ಷದಲ್ಲಿ ಕೂಡಿದ ಸಮಿತಿಯಲ್ಲಿ, 80 ವರುಷ ದಾಟಿದ ಬಿಷಪರ ಎದುರಿನಲ್ಲಿಯೇ ಅವರ ಬೋಧಕರನ್ನು ಕೆಲಸದಿಂದ ತೆಗೆದರು. ತೆಗೆಯಲ್ಪಟ್ಟವರಲ್ಲಿ ಅವರ ಮಗನಾದ ಆರ್ಚ್‌ಡೀಕನ್ ಡ್ಯಾಂಡಿಸನ್ ಕ್ರೌದರರೂ ಒಬ್ಬರು. ಬಿಷಪರ ಅಧಿಕಾರಕ್ಕೆ ಬೆಲೆಯಿಲ್ಲದಂತಾಯಿತು. ಅವರು ಸಮಿತಿಗೆ ರಾಜೀನಾಮೆ ಕೊಟ್ಟರೇ ಹೊರತು ಕರ್ತನ ಕೆಲಸಕ್ಕೆ ರಾಜೀನಾಮೆ ಕೊಡಲಿಲ್ಲ. ಸೀಮೆಯ ಸಭೆಗಳನ್ನು ತನ್ನ ಕಾಲ ಮೇಲೆ ತಾನು ನಿಲ್ಲುವಂತೆ ಮಾಡುವ ಏರ್ಪಾಡಿನಲ್ಲಿದ್ದಾಗಲೇ ಪಾರ್ಶ್ವವಾಯು ತಗಲಿ, 1891ರ ದಶಂಬರ 31ರಂದು ಲಾಗೋಸಿನಲ್ಲಿ ನಿದ್ರೆಹೋದರು. ಅವರ ಸ್ಥಾನಕ್ಕೆ ಯೂರೋಪಿಯರನ್ನೇ ನೇಮಿಸಿದರು. ನೈಜೀರಿಯದವರೊಬ್ಬರು ಪುನಃ ಅಲ್ಲಿ ಒಂದು ಸೀಮೆಯ ಪೂರ್ಣಾಧಿಕಾರವುಳ್ಳ ಬಿಷಪರಾಗಲು ಸುಮಾರು 60 ವರುಷ ಹಿಡಿಯಿತು.

ಒಳ್ಳೆಯವರೇಕೆ ಹಾಗೆ ಮಾಡಿದರು? ನನಗೆ ತಿಳಿದ ಉತ್ತರವಿಷ್ಟು. ತಾವು ಒಳ್ಳೆಯವರೆಂಬ ನಿಶ್ಚಯವು ಅವರಿಗೆ ಅತಿಯಾಗಿದ್ದಿತು. ಎದುರಿನವರ ಲೆಕ್ಕವನ್ನು ಪರೀಕ್ಷಿಸಿದವರು ತಮ್ಮ ಲೆಕ್ಕವನ್ನು ಪರೀಕ್ಷಿಸಲಿಲ್ಲ. ಕೆಲಸವು ಶುದ್ಧವಾಗಿರಬೇಕೆಂಬ ಆತುರದಲ್ಲಿ, ಮನುಷ್ಯರನ್ನು ನಂಬಿ ಕಾಯುವುದು ಕೂಡ ಕರ್ತನ ಕೆಲಸವೆಂಬುದನ್ನು ಮರೆತರು. ಇದನ್ನು ಬರೆಯುವಾಗ ನನ್ನ ಮನಸ್ಸು ನನ್ನನ್ನೂ ಬಿಡುವುದಿಲ್ಲ. ನಾನು ಹೊಸದಾಗಿ ಮುಖ್ಯೋಪಾಧ್ಯಾಯಿನಿಯಾದ ವರುಷ, ಲೆಕ್ಕದಲ್ಲಿ ಬಂದ ಸಣ್ಣ ತಪ್ಪಿಗಾಗಿ ಒಬ್ಬ ಹಿರಿಯ ವಿದ್ಯಾರ್ಥಿನಿಯ ಕೈಯಿಂದ ಪುಸ್ತಕಭಂಡಾರದ ಬೀಗದ ಕೈಯನ್ನು ಎಲ್ಲರ ಮುಂದೆ ಕಿತ್ತುಕೊಂಡೆನು; ಆಕೆಯ ಮಾತನ್ನು ಕೇಳಲಿಲ್ಲ. ತಪ್ಪು ಆಕೆಯದಲ್ಲವೆಂದು ಬಳಿಕ ತಿಳಿಯಿತು. ಬೀಗದ ಕೈಯನ್ನು ಹಿಂದಕ್ಕೆ ಕೊಟ್ಟೆನು. ಆಕೆಯ ಮುಖದ ಉಲ್ಲಾಸವನ್ನು ಹಿಂದಕ್ಕೆ ಕೊಡಲಾಗಲಿಲ್ಲ. ಅಂದು ಆ ಪ್ರಶ್ನೆ ಕೇಳಿದವಳಿಗೆ ಉತ್ತರ ಕೊಡಲು ನಾನು ಹಿಂಜರಿದುದಕ್ಕೆ ಇದೇ ಕಾರಣವೆಂದು ಈಗ ಒಪ್ಪಿಕೊಳ್ಳುತ್ತೇನೆ.

ಆದರೆ ಜೀವಿತವು ಮರಣದೊಡನೆ ಮುಗಿಯಲಿಲ್ಲ. 1892ರಲ್ಲಿ ಡ್ಯಾಂಡಿಸನ್ ಕ್ರೌದರರೂ ನದೀಮುಖದ ಸಭೆಗಳವರೂ ಕೂಡಿ, ಸೊಸೈಟಿಯ ಹಣವನ್ನು ಅಪೇಕ್ಷಿಸದೆ ತಮ್ಮ ಸಭೆಗಳನ್ನು ತಾವೇ ನಡೆಸತೊಡಗಿದರು. ಲಾಗೋಸಿನಲ್ಲಿ 1891ರಿಂದ ದೇಶೀಯರ ಸ್ವತಂತ್ರ ಸಭೆಗಳು ಎದ್ದವು. ಇಪ್ಪತ್ತನೆಯ ಶತಮಾನದಲ್ಲಿ ಅಲದುರ ಎಂಬ ಪ್ರಾರ್ಥನಾಸಭೆಗಳು ಯೊರುಬ ನಾಡಿನಲ್ಲೆಲ್ಲ ಹಬ್ಬಿದವು. ಕ್ರೌದರರು ಸತ್ಯವೇದದಲ್ಲಿ ಬಳಸಿದ ಅದುರ ಎಂಬ ಮಾತಿನಿಂದಲೇ ಅವುಗಳಿಗೆ ಆ ಹೆಸರು. 1960ರಲ್ಲಿ ದೇಶವು ಸ್ವತಂತ್ರವಾಯಿತು. 1979ರಲ್ಲಿ ನೈಜೀರಿಯದ ಆಂಗ್ಲಿಕನ್ ಸಭೆಯು ತನ್ನದೇ ಆದ ಪ್ರಾಂತವಾಯಿತು. ಇಂದು ಅದು ಲೋಕದ ಅತಿ ದೊಡ್ಡ ಆಂಗ್ಲಿಕನ್ ಸಭೆಗಳಲ್ಲಿ ಒಂದು. 2014ರ ಜೂನ್ 29ರಂದು, ಅಭಿಷೇಕವಾಗಿ 150 ವರುಷ ತುಂಬಿದಾಗ, ಅದೇ ಕ್ಯಾಂಟರ್ಬರಿಯ ಮಹಾದೇವಾಲಯದಲ್ಲಿ ಕ್ರೌದರರಿಗಾಗಿ ಸ್ತೋತ್ರದ ಆರಾಧನೆ ನಡೆಯಿತು. ಅದು ಪಶ್ಚಾತ್ತಾಪದ ಆರಾಧನೆಯೂ ಆಗಿದ್ದಿತು. ಅವರಿಗೆ ಮಾಡಿದ ಅನ್ಯಾಯವನ್ನು ಆರ್ಚ್‌ಬಿಷಪರೇ ಒಪ್ಪಿಕೊಂಡು ಕ್ಷಮೆ ಬೇಡಿದರು. 120 ವರುಷ ತಡವಾದರೂ, ಆ ಮಾತು ಆಡಲ್ಪಟ್ಟಿತು.

ಪ್ರಿಯ ಹಳೆಯ ವಿದ್ಯಾರ್ಥಿನಿಯರೇ, ಪೋಷಕರೇ, ಈ ಜೀವಿತದಿಂದ ಕಲಿಯತಕ್ಕದ್ದನ್ನು ನಿಮಗೆ ನಾನು ಬಿಡಿಸಿ ಹೇಳಬೇಕಾದುದಿಲ್ಲ. ನಿಮ್ಮಲ್ಲಿ ಅನೇಕರು ಇಂದು ಮನೆಗಳಲ್ಲಿಯೂ ಶಾಲೆಗಳಲ್ಲಿಯೂ ಆಸ್ಪತ್ರೆಗಳಲ್ಲಿಯೂ ಸಭೆಗಳಲ್ಲಿಯೂ ಇತರರ ಮೇಲೆ ಅಧಿಕಾರವುಳ್ಳವರಾಗಿದ್ದೀರಿ. ಕಿರಿಯರಿಗೆ ಅಕ್ಷರಪಟವನ್ನು ಕೊಡುವುದರಲ್ಲಿ ನಾವು ಉದಾರಿಗಳು. ಅವರು ಕಲಿತು ಬಂದು ನಮ್ಮ ಪಕ್ಕದಲ್ಲಿ ಕುಳಿತುಕೊಳ್ಳುವಾಗ ಆಸನವನ್ನು ಸರಿಸಿ ಜಾಗ ಕೊಡುವುದರಲ್ಲಿ ಜಿಪುಣರಾಗಬಾರದು. ಅಂದು ನನ್ನ ಬಾಗಿಲಲ್ಲಿ ನಿಂತ ಹುಡುಗಿಯೇ, ನಿನ್ನ ಪ್ರಶ್ನೆಗೆ ಉತ್ತರ ತಡವಾಯಿತು. ಶಾಲೆಯ ವಾರ್ಷಿಕೋತ್ಸವಕ್ಕೆ ಬಂದಾಗ ನನ್ನ ಕೊಠಡಿಗೆ ಬಾ. ಈ ಸಾರಿ ಗಂಟೆ ಹೊಡೆದರೂ ನಿನ್ನನ್ನು ಕಳುಹಿಸುವುದಿಲ್ಲ.